ಕಾಲು ಚಾಚುವ ದಿಕ್ಕು

ಮಧ್ಯಾಹ್ನದ ಹೊತ್ತಿಗೆ ಪ್ರೀತಿಯ ಪಾದಗಳು ಚಪ್ಪಲಿಯಲ್ಲಿ ಹಿಡಿಯುತ್ತಿರಲಿಲ್ಲ. ಅವಳ ಚಪ್ಪಲಿಗಳು ಎಂದೋ ಬಿಗಿಯಾಗಿದ್ದವು, ಹಾಗಾಗಿ ಗಂಡನ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಳು. ಈಗ ಅದರ ಪಟ್ಟಿಯೂ ಪಾದದೊಳಗೆ ಇಳಿದು ಕೆಂಪು ಗೆರೆ ಎಳೆದಿತ್ತು. ಚಪ್ಪಲಿ ಕಳಚಿ ಕೌಂಟರಿನ ಅಡಿಗೆ ತಳ್ಳಿ, ಬರಿಗಾಲಲ್ಲಿ ನಿಂತು, ಭಾರವನ್ನು ಒಮ್ಮೆ ಎಡಗಾಲಿಗೆ ಒಮ್ಮೆ ಬಲಗಾಲಿಗೆ ಹಾಕುತ್ತ ಗಿರಾಕಿಗಳಿಗೆ ಸೀರೆ ಬಿಡಿಸಿ ತೋರಿಸುತ್ತಿದ್ದಳು. ಅವಳಿಗೆ ಏಳನೇ ತಿಂಗಳು ನಡೆದಿತ್ತು.

ಸ್ಟೇಶನ್ ಬಜಾರದ ಆ ಸೀರೆ ಅಂಗಡಿಯಲ್ಲಿ ಕುರ್ಚಿಗಳಿಗೇನೂ ಬರವಿರಲಿಲ್ಲ. ಮೆತ್ತನೆಯ ಕುರ್ಚಿಗಳು ಸಾಲಾಗಿ ಇದ್ದವು. ಆದರೆ ಅವು ಗಿರಾಕಿಗಳಿಗೆ. ಏನೂ ಕೊಳ್ಳದೆ ಫ್ಯಾನಿನ ಗಾಳಿಗೆಂದೇ ಒಳಗೆ ಬಂದವರೂ ಕೂಡಬಹುದಿತ್ತು, ಅವರ ಮಕ್ಕಳು ಕೂಡಬಹುದಿತ್ತು, ಅವರ ಕೈಚೀಲ ಕೂಡಬಹುದಿತ್ತು. ಮಾರುವ ಹೆಣ್ಣುಮಕ್ಕಳು ಮಾತ್ರ ಅಂಗಡಿ ತೆರೆದಾಗ ನಿಂತರೆ ಮುಚ್ಚುವ ತನಕ ನಿಂತೇ ಇರಬೇಕು. ನಿಂತವರಿಗಷ್ಟೇ ಕೆಲಸದ ಮೇಲೆ ಲಕ್ಷ್ಯ ಇರುತ್ತದೆ ಎಂಬುದು ಸಾವ್ಕಾರರ ನಂಬಿಕೆ. ಆ ನಂಬಿಕೆಯನ್ನು ಅವರು ಗಲ್ಲಾಪೆಟ್ಟಿಗೆಯ ಮುಂದೆ ಕೂತುಕೊಂಡೇ ಹೇಳುತ್ತಿದ್ದರು.

ಹಿಂದಿನ ದಿನ ದವಾಖಾನೆಯಲ್ಲಿ ಡಾಕ್ಟರಮ್ಮ ಅವಳ ಕಾಲನ್ನು ಮುಟ್ಟಿ ನೋಡಿ, ತೋಳಿಗೆ ಪಟ್ಟಿ ಸುತ್ತಿ, ಮುಖ ಗಂಟಿಕ್ಕಿದ್ದಳು. "ಕಾಲು ಬಾಯೋದು ಭಾಳ ಮಂದಿಗಿ ಇರ್ತದ, ಅದಕ್ಕ ಹೆದರಬ್ಯಾಡ. ನಿನ್ನ ಬಿ.ಪಿ. ಏರಲಾಕತ್ತದ, ಅದಕ್ಕ ಹೆದರು. ಭಾಳ ಹೊತ್ತು ನಿಂದ್ರಬ್ಯಾಡ. ಹಗಲ್ಹೊತ್ತು ನಾಕೈದು ಸಲ ಎಡ ಮಗ್ಗಲಾಗಿ ಮಲ್ಕೊಂಡು ಕಾಲು ಎದಿಕಿಂತ ಎತ್ತರ ಇಟ್ಕೋ. ನೀರು ಚಂದಂಗ ಕುಡಿ, ಉಪ್ಪಿನಕಾಯಿ ಹಪ್ಪಳ ಬಿಡು. ಸೋಮವಾರ ಮತ್ತ ತೋರಿಸು. ಇಳೀಲಿಲ್ಲಂದ್ರ ಅಡ್ಮಿಟ್ ಮಾಡ್ಬೇಕಾಗ್ತದ, ಕೂಸಿಗಿ ತ್ರಾಸ ಆಗ್ತದ. ನಡುವ ತಲಿ ನೋಯ್ತು, ಕಣ್ಣು ಮಂಜಾಯ್ತು ಅಂದ್ರ ಸೋಮವಾರ ಬರ್ಲಿ ಅಂತ ಕುಂದ್ರಬ್ಯಾಡ, ಓಡಿ ಬಾ."

ಪ್ರೀತಿ ತಲೆಯಾಡಿಸಿದ್ದಳು. ಹೋದ ಸಲವೂ ಏಳನೇ ತಿಂಗಳೇ. ಕೂಸು ಹೊಟ್ಟೆಯಲ್ಲೇ ತಣ್ಣಗಾಗಿತ್ತು.

ಈಗ ಕೌಂಟರಿನಲ್ಲಿ ಜೊತೆಗೆ ನಿಂತ ಅಲ್ಫಿಯಾ ಅವಳ ಮುಖ ನೋಡಿ, "ಮ್ಯಾಲ ಗೋದಾಮಿಗಿ ಹೋಗಿ ಒಂದೀಟು ಬೀಳು. ಯಾರರೆ ಕೇಳಿದ್ರ ಪೈಠಣಿ ಸೀರಿ ತರ್ಲಾಕ ಹೋಗ್ಯಾಳ ಅಂತೀನಿ," ಅಂದಳು.

"ಪೈಠಣಿ ಕೆಳಗೇ ಅವಲ್ಲ."

"ಮ್ಯಾನೇಜರಗ ಅದು ಗೊತ್ತಿದ್ರ ಅವ ಮ್ಯಾನೇಜರ ಯಾಕ ಆಗ್ತಿದ್ದ? ಹೋಗು."

ಕಡಿದಾದ ಮೆಟ್ಟಿಲು ಹತ್ತಿ ಪ್ರೀತಿ ಗೋದಾಮಿನ ನೆಲದ ಮೇಲೆ ಎಡ ಮಗ್ಗುಲಾಗಿ ಮಲಗಿದಳು. ಹತ್ತಿರ ಹೊಸ ಸೀರೆಗಳ ಒಂದು ಗಂಟು ಇತ್ತು. ಅದನ್ನು ಎಳೆದುಕೊಂಡು ಅದರ ಮೇಲೆ ಕಾಲಿಟ್ಟಳು. ಕಾಲಿನೊಳಗೆ ಬಿಗಿದುಕೊಂಡದ್ದು ನಿಧಾನಕ್ಕೆ ಸಡಿಲುತ್ತ ಬಂತು. ಕಣ್ಣು ಹತ್ತಿತು.

ಎಚ್ಚರವಾದಾಗ ಎದುರಿಗೆ ಸಾವ್ಕಾರರು ನಿಂತಿದ್ದರು.

"ಮಾಲಿನ ಮ್ಯಾಲ ಕಾಲು?"

"ಸರ್, ಡಾಕ್ಟರು ಹೇಳ್ಯಾರ್ರಿ, ಎತ್ತರಕ್ಕ ಇಡ್ಬೇಕಂತ..."

"ಇನ್ನಾ ಬೋಣಿ ಆಗಲಾರದ ಮಾಲು ಅದು. ಲಕ್ಷ್ಮಿ ಮ್ಯಾಲ ಕಾಲಿಡು ಅಂತ ಯಾವ ಡಾಕ್ಟರು ಹೇಳ್ತಾನ?" ಅವರು ಬಾಗಿ ಗಂಟನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ಎದುರಿಗಿದ್ದ ಬಸುರಿಯ ಕಡೆ ನೋಡುವುದಕ್ಕೆ ಆ ಕಣ್ಣಿಗೆ ಪುರಸೊತ್ತಿರಲಿಲ್ಲ. "ಹೆರಿಗಿ ಆಗತನಕ ಮನ್ಯಾಗ ಇರವಾ. ಆಮ್ಯಾಲ ನೋಡೋಣು."

ಆಮೇಲೆ ನೋಡೋಣ ಅಂದರೆ ಏನು ಅಂತ ಆ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಮಾತು ಕೇಳಿ ಹೊರಗೆ ಹೋದವರು ಯಾರೂ ತಿರುಗಿ ಆ ಕೌಂಟರಿನ ಹಿಂದೆ ನಿಂತಿರಲಿಲ್ಲ. ಪ್ರೀತಿಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ತ್ರಾಣ ಬೇಕು. ಹೋಗಲಿ, ಇನ್ನು ಮನೆಯಲ್ಲಿ ಕಾಲು ಚಾಚಿ ಮಲಗಬಹುದಲ್ಲ ಅಂದುಕೊಂಡು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಆಟೋ ಹತ್ತಿದಳು.

ಗಾಜಿಪುರದ ಅವರ ಬಾಡಿಗೆ ಮನೆ ಅಂದರೆ ಒಂದೇ ಖೋಲಿ. ಅತ್ತೆ ಶಂಕ್ರಮ್ಮ ಬಾಗಿಲಲ್ಲೇ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಸೊಸೆ ಹೊತ್ತಲ್ಲದ ಹೊತ್ತಿಗೆ, ಬರಿಗಾಲಲ್ಲಿ ಬಂದದ್ದು ನೋಡಿ ಮೊರ ಕೆಳಗಿಟ್ಟಳು. ಏನಾಯಿತು ಅಂತ ಕೇಳಿ ತಿಳಿದು, ಸಾವ್ಕಾರರ ವಂಶಕ್ಕೆ ಸಲ್ಲಬೇಕಾದ ನಾಲ್ಕು ಮಾತನ್ನು ತಣ್ಣನೆಯ ದನಿಯಲ್ಲೇ ಸಲ್ಲಿಸಿ, ನೀರು ಕಾಯಿಸಿ ಬಕೀಟಿಗೆ ಸುರಿದಳು.

"ಬಾ, ಉಗುರುಬೆಚ್ಚಗ ಅದ. ಕಾಲಿಟ್ಕೊಂಡು ಕುಂದ್ರು. ಮನಿ ಅಂಬೋದು ಒಂದು ಅದಲ್ಲ, ಸಾಕು."

ನೀರಲ್ಲಿ ಕಾಲಿಟ್ಟು ಕೂತದ್ದು ಹಾಯೆನಿಸಿತು. ಒರೆಸಿಕೊಂಡ ಮೇಲೆ ಪ್ರೀತಿ ಕೌದಿಗಳನ್ನು ಮಡಚಿ ಗೋಡೆಗೆ ಒತ್ತರಿಸಿ ಎತ್ತರ ಮಾಡಿದಳು, ಅದರ ಮೇಲೆ ಕಾಲು ಹಾಕಿ ಮಲಗಲು ಹೋದಳು.

"ಅಲ್ಲಿ ಬ್ಯಾಡ," ಅಂದಳು ಶಂಕ್ರಮ್ಮ.

"ಯಾಕತ್ತಿ?"

"ಮ್ಯಾಲ ನೋಡು."

ಮೇಲೆ ದೇವರ ಜಗಲಿ. ಪಡುವಣ ಗೋಡೆಗೆ ಬಡಿದ ಹಲಗೆ, ಅದರ ಮೇಲೆ ಮನೆದೇವರ ಫೋಟೋ, ವಿಭೂತಿ ಗಟ್ಟಿ, ಒಂದು ದೀಪ. ಅದರ ಕಡೆ ಕಾಲು ಚಾಚುವುದುಂಟೇ? ಪ್ರೀತಿ ಕೌದಿಗಳನ್ನು ಬಡಗಣ ಗೋಡೆಯ ಕಡೆ ಎಳೆದಳು. ಅಲ್ಲಿ ಗಂಡ ವಿವೇಕಾನಂದ ಗೊರಕೆ ಹೊಡೆಯುತ್ತಿದ್ದ. ದಾಲ್ ಮಿಲ್ಲಿನಲ್ಲಿ ಅವನದು ರಾತ್ರಿ ಪಾಳಿ, ಹಗಲಿಡೀ ಆ ಜಾಗ ಅವನದು. ಅವನು ಎದ್ದು ಹೋದ ಮೇಲೆ ಅದೇ ಜಾಗ ಶಂಕ್ರಮ್ಮನದು.

"ಗಂಡನ ತಲಿ ಕಡೆ ಕಾಲು ಮಾಡ್ತೀಯೇನು? ಆಯುಷ್ಯ ಕಮ್ಮಿ ಆಗ್ತದ ತಂಗಿ."

ವಿವೇಕಾನಂದ ಕಣ್ಣು ತೆರೆಯದೆ ಅಂದ: "ಮಾಡ್ಲಿ ಬಿಡಬೇ ಯವ್ವಾ. ರಾತ್ರಿಯೆಲ್ಲಾ ಬ್ಯಾಳಿ ಧೂಳು ಕುಡದು ಸಾಯಲಾರದವ, ಅಕಿ ಕಾಲಿಗಿ ಸಾಯ್ತೀನೇನು?"

"ಬಿಡ್ತು ಅನ್ನು."

"ಬಿಡ್ತು," ಅಂದು ಅವನು ಮಗ್ಗುಲು ತಿರುಗಿ ಮತ್ತೆ ನಿದ್ದೆಗೆ ಬಿದ್ದ.

ತೆಂಕಣ ಗೋಡೆಗೆ ಒಲೆ, ನೀರಿನ ಕೊಡ. ಅನ್ನ ಬೇಯುವ ಕಡೆಗೆ ಕಾಲು ತೋರಿಸಬಾರದು. ಮೂಡಣಕ್ಕೆ ಬಾಗಿಲು. ಬಾಗಿಲಿಗೆ ಕಾಲು ಮಾಡಿ ಮಲಗಿಸುವುದು ಹೆಣವನ್ನು. ದೇವರಿಗೊಂದು ಗೋಡೆ, ಗಂಡನಿಗೊಂದು ಗೋಡೆ, ಒಲೆಗೊಂದು ಗೋಡೆ, ಸತ್ತವರಿಗೊಂದು ಬಾಗಿಲು. ಹೊಟ್ಟೆಯಲ್ಲಿ ಜೀವ ಇಟ್ಟುಕೊಂಡವಳ ಕಾಲಿಗೆ ಉಳಿದದ್ದು ಮೇಲಿನ ತಗಡು ಮಾತ್ರ. ಅದುವರೆಗೆ ಈ ತಂಟೆ ಬಂದಿರಲಿಲ್ಲ, ಯಾಕೆಂದರೆ ಆ ಮನೆಯ ಹೆಣ್ಣುಮಕ್ಕಳು ಯಾವಾಗಲೂ ಕಾಲು ಮಡಚಿಕೊಂಡೇ ಮಲಗುತ್ತಿದ್ದರು.

ಶಂಕ್ರಮ್ಮ ಕೆಟ್ಟವಳಲ್ಲ. ಹೋದ ಬಸಿರಿನ ಹೊತ್ತಿಗೆ, ಈ ಮನೆಗೆ ಬಂದ ಹೊಸದರಲ್ಲಿ, ಜಗಲಿಗೆ ಪೂಜೆ ಮಾಡಬೇಕಿದ್ದ ಅಯ್ಯನವರು ಬರಲಿಲ್ಲ, ಪೂಜೆಯಿಲ್ಲದೆಯೇ ದೇವರನ್ನು ಕೂರಿಸಿದ್ದಾಯಿತು. ಆಮೇಲೆ ತಿಂಗಳು ತುಂಬುವುದರೊಳಗೆ ಕೂಸು ಹೋಯಿತು. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿಕೊಂಡು ಅವಳು ಅಂದಿನಿಂದ ಆ ಹಲಗೆಯ ಕಡೆ ಬೆನ್ನು ಸಹ ಮಾಡುತ್ತಿರಲಿಲ್ಲ. ಈ ಕೂಸು ಉಳಿಯಬೇಕು, ಅವಳಿಗೂ ಅದೇ ಬೇಕಿತ್ತು. ಅದಕ್ಕೇ ಪ್ರೀತಿಗೆ ಜಗಳಾಡಲೂ ಆಗಲಿಲ್ಲ. ಗೋಡೆಗೆ ಒರಗಿ, ಮೊಳಕಾಲು ಎದೆಗೆ ಎಳೆದುಕೊಂಡು ಕೂತಳು.

ಪಕ್ಕದ ಮನೆಯ ಬಷೀರುನ್ನೀಸಾ ಸೀರೆಗೆ ಫಾಲ್ ಹಚ್ಚುವವಳು. ಎರಡು ಮನೆಗೂ ನಡುವೆ ಒಂದೇ ಗೋಡೆ. ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯವರು ಸೀನುತ್ತಿದ್ದರು. ಮರುದಿನ ಮಧ್ಯಾಹ್ನ ಅವಳು ಬಾಗಿಲಲ್ಲಿ ತಲೆ ಹಾಕಿ, ಪ್ರೀತಿ ಕೂತ ಬಗೆ ನೋಡಿದಳು.

"ಏನ್ ಶಂಕ್ರಮ್ಮಕ್ಕಾ, ಸೊಸಿಗಿ ಮೂಟಿ ಕಟ್ಟಿ ಇಟ್ಟಂಗ ಇಟ್ಟೀರಿ. ಬಾ ಬೇಟಿ, ನಮ್ಮನ್ಯಾಗ ಮಲ್ಕೋ. ನನ್ನ ಮನ್ಯಾಗ ಈಗ ಮಷಿನ್ ಬಿಟ್ರ ಯಾರೂ ಇಲ್ಲ."

ಪ್ರೀತಿ ಅತ್ತೆಯ ಮುಖ ನೋಡಿದಳು. ಶಂಕ್ರಮ್ಮ "ಹೋಗು" ಅಂತ ಕೈ ಮಾಡಿದಳು.

ಬಷೀರುನ್ನೀಸಾಳ ಮನೆ ತಂಪಾಗಿತ್ತು. ಚಾಪೆ ಹಾಸಿ, ತಲೆದಿಂಬುಗಳನ್ನು ಒಂದರ ಮೇಲೊಂದು ಹೇರಿ ಕೊಟ್ಟಳು. ಪ್ರೀತಿ ಅವನ್ನು ಬರಿದಾಗಿದ್ದ ಗೋಡೆಯ ಕಡೆ ತಳ್ಳಿದಳು.

"ಆ ಕಡೆ ಬ್ಯಾಡ ಬೇಟಿ. ಅದು ಕಿಬ್ಲಾ. ನಮಾಜಿಗಿ ಮುಖ ಮಾಡೋ ದಿಕ್ಕು."

"ಇಲ್ಲೂ ಅದ ಏನ್ ಖಾಲಾ?"

"ದೇವರು ಎಲ್ಲಿಲ್ಲ ಹೇಳು? ಈ ಕಡೆ ಹಾಕು, ಇತ್ತಕಡೆ ಏನೂ ಇಲ್ಲ."

ಪಡುವಣದಿಂದ ಮೂಡಣಕ್ಕೆ ತಿರುಗಿ, ದಿಂಬಿನ ಮೇಲೆ ಕಾಲು ಹಾಕಿ ಪ್ರೀತಿ ಕಣ್ಣು ಮುಚ್ಚಿದಳು. ಹಿಮ್ಮಡಿ ಗೋಡೆಗೆ ತಾಗಿತ್ತು. ಹೊಟ್ಟೆಯಲ್ಲಿ ಕೂಸು ಮಿಸುಕಿತು. ಅಷ್ಟರಲ್ಲಿ ಮಜ್ಜಿಗೆ ತಂಬಿಗೆ ಹಿಡಿದು ಶಂಕ್ರಮ್ಮ ಬಂದಳು, ಬಂದವಳು ಹೊಸ್ತಿಲಲ್ಲೇ ನಿಂತಳು. ಗೋಡೆ ನೋಡಿದಳು. ಮನಸ್ಸಿನಲ್ಲೇ ಏನನ್ನೋ ಅಳೆದಳು.

"ಬಷೀರಾ, ಈ ಗ್ವಾಡಿ ಹಿಂದ ನಮ್ಮ ಜಗಲಿ ಅದ."

ಬಷೀರುನ್ನೀಸಾ ಮಷಿನ್ ನಿಲ್ಲಿಸಿದಳು. "ಗ್ವಾಡಿ ಆಕಡಿ ಅದಲ್ಲಕ್ಕಾ?"

"ಇಕಿ ಹಿಮ್ಮಡ ಸೀದಾ ದೇವರ ಬೆನ್ನಿಗೇ ಅದ."

"ಕಲ್ಲಿನ ಗ್ವಾಡಿ. ಮುಂಗೈ ಉದ್ದ ದಪ್ಪ ಅದ. ನಿಮ್ಮ ದೇವರಿಗಿ ಕಾಣಂಗಿಲ್ಲ."

"ದೇವರಿಗಿ ಕಾಣಲ್ಲ ಅಂದ್ರ ಮತ್ತ ಅವಗ ದೇವರು ಅಂತ ಯಾಕ ಅಂತೀವಿ?"

"ಹಂಗಿದ್ರ ನೀವು ದಿನಾ ನಮ್ಮ ಕಿಬ್ಲಾಕ್ಕೇ ಕೈ ಮುಗೀತೀರಿ ನೋಡ್ರಿ, ಜಗಲಿ ಆ ದಿಕ್ಕಿಗೇ ಅದ. ನಾ ಏನರೆ ಅಂದೀನೇನು?"

ಶಂಕ್ರಮ್ಮನಿಗೆ ನಗು ಬಂತು, ಆದರೆ ಅವಳು ನಗಲಿಲ್ಲ. ಪ್ರೀತಿ ಮೆಲ್ಲಗೆ ಎದ್ದು ಕೂತಳು. ಒಂದು ಕಡೆ ಮಷಿನ್, ಒಂದು ಕಡೆ ಬಾಗಿಲು. ಅಲ್ಲಿಗೆ ಆ ಮನೆಯ ದಿಕ್ಕುಗಳೂ ಮುಗಿದವು. ತಲೆಯ ಹಿಂಭಾಗ ಭಾರವಾದಂತಿತ್ತು. ನೋವೋ ದಣಿವೋ ಅವಳಿಗೇ ತಿಳಿಯಲಿಲ್ಲ.

"ಅತ್ತಿ, ನನಗ ಕಮಲಾಪುರಕ್ಕ ಕಳಸ್ರಿ. ನಮ್ಮವ್ವನ ಮನ್ಯಾಗ ಪಡಸಾಲಿ ದೊಡ್ಡದ ಅದ. ಎತ್ತ ಬೇಕಾದತ್ತ ಮಲಗಬಹುದು. ಸೋಮವಾರ ಅಲ್ಲೇ ದವಾಖಾನ್ಯಾಗ ತೋರಸ್ತೀನಿ."

"ಕುಬಸ ಆಗಲಾರದ ಹ್ಯಾಂಗ ಹೋಗ್ತಿ? ಅಮಾಸಿ ಕಳೀಲಿ. ನಿಮ್ಮವ್ವ ಬುತ್ತಿ ಕಟ್ಕೊಂಡು ಬರ್ಲಿ, ಹಸರ ಸೀರಿ ಉಡಸಿ ಉಡಿ ತುಂಬಿ ಕರ್ಕೊಂಡು ಹೋಗ್ಲಿ. ಬಸರಿ ಹೆಣ್ಣುಮಗಳು ಬರೀ ಉಡೀಲಿ ಹೊಸ್ತಿಲ ದಾಟಿದ್ರ ಮಂದಿ ಏನಂತಾರ? ಹೋದ ಸಲ ಆಗಿದ್ದು ಸಾಲದೇನು?"

ಪ್ರೀತಿ ತನ್ನ ಕಾಲು ನೋಡುತ್ತ ಕೂತಿದ್ದಳು. ಕಣಕಾಲಿನ ಗಂಟು ಎಲ್ಲಿ ಹೋಯಿತೋ, ಕಾಲು ಒನಕೆಯ ಹಾಗೆ ಒಂದೇ ಸಮನೆ ಇತ್ತು. ಅವಳು ದನಿ ಏರಿಸಲಿಲ್ಲ.

"ಹೋದ ಸಲ ನಾ ಯಾ ಕಡೆನೂ ಕಾಲು ಚಾಚಲಿಲ್ಲತ್ತಿ. ಎಲ್ಲಾ ಕಡೆ ಮಡಚ್ಕೊಂಡೇ ಇದ್ದೆ. ಕುಬಸಾನೂ ಆಗಿತ್ತು."

ಬಷೀರುನ್ನೀಸಾ ಮಷಿನ್ನಿನ ಸೂಜಿಯ ಕಡೆ ನೋಡಿದಳು. ಶಂಕ್ರಮ್ಮ ಮಜ್ಜಿಗೆ ತಂಬಿಗೆಯನ್ನು ನೆಲಕ್ಕಿಟ್ಟು ಹೊರಟುಹೋದಳು.

ಆ ಸಂಜೆ ಮಗ ಪಾಳಿಗೆ ಹೊರಟಾಗ, "ನಾಳಿಗಿ ನಿನ್ನ ಬುತ್ತಿ ನೀನೇ ನೋಡ್ಕೋ," ಅಂದಳು ಅಷ್ಟೇ.

ಬೆಳಿಗ್ಗೆ ಪ್ರೀತಿ ಎದ್ದಾಗ ಶಂಕ್ರಮ್ಮ ಜಳಕ ಮುಗಿಸಿ ತನ್ನ ಟ್ರಂಕು ತೆಗೆದಿದ್ದಳು. ಅಂಗಡಿಯ ಹೊಸ ಸೀರೆಯಲ್ಲ, ಅವಳದೇ ಹಳೆಯ ಹಸಿರು ಇಳಕಲ್ ಸೀರೆ. ಅದನ್ನು ಸೊಸೆಯ ಹೆಗಲ ಮೇಲೆ ಹೊದಿಸಿ, ಬಾಗಿಲಿಗೆ ಹೋಗಿ ಕೂಗಿದಳು. "ಬಷೀರಾ, ಬಾ ಇಲ್ಲಿ. ಮುತ್ತೈದಿ ಬೇಕು. ನನ್ನ ಕೈಲಿ ಉಡಿ ತುಂಬ್ಲಿಕ್ಕಿ ಬರಂಗಿಲ್ಲ."

"ನಂದು ನಡೀತದೇನಕ್ಕಾ?"

"ನಿನ್ನ ಗಂಡ ಜೀವಂತ ಇದ್ದಾನಿಲ್ಲ? ನಡೀತದ."

"ಇದ್ದಾನ. ನಿನ್ನಿ ರಾತ್ರಿ ಊಟದಾಗ ಉಪ್ಪು ಹೆಚ್ಚಾಯ್ತಂತ ಒದರಿದ್ದು ಕೇಳಿಲ್ಲೇನು?"

ಬುತ್ತಿಯಿಲ್ಲ, ಹಾಡಿಲ್ಲ, ಓಣಿಯ ಹೆಂಗಸರಿಲ್ಲ. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಒಂದು ರವಿಕೆಯ ಕಣ. ಶಂಕ್ರಮ್ಮ ಹೇಳಿಕೊಟ್ಟ ಹಾಗೆ ಬಷೀರುನ್ನೀಸಾ ಉಡಿಗೆ ಹಾಕಿದಳು. ಪ್ರೀತಿ ನಿಲ್ಲಲಾರದೆ ಕೂತೇ ಉಡಿ ಹಿಡಿದಳು. ಕೂತು ಉಡಿ ತುಂಬಿಸಿಕೊಳ್ಳಬಹುದೋ ಇಲ್ಲವೋ ಅಂತ ಶಂಕ್ರಮ್ಮ ಕೇಳಲಿಲ್ಲ.

ಕಮಲಾಪುರದ ಮೇಲೆ ಹಾಯುವ ಹುಮನಾಬಾದಿನ ಬಸ್ಸು ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು. ಶಂಕ್ರಮ್ಮ ಮೊಣಕೈಯಿಂದ ದಾರಿ ಮಾಡಿಕೊಂಡು, ಮುಂದಿನ ಸೀಟಿನ ಹುಡುಗಿಯನ್ನು ಎಬ್ಬಿಸಿ, ಪ್ರೀತಿಯನ್ನು ಕೂರಿಸಿದಳು. ಊರು ದಾಟುವುದರೊಳಗೆ ಇಳಿಬಿಟ್ಟ ಕಾಲಿನಲ್ಲಿ ರಕ್ತವೆಲ್ಲ ಬಂದು ನಿಂತಂತಾಯಿತು. ಪ್ರತಿ ಕುಣಿಗೆ ಬಸ್ಸು ಜಿಗಿದಾಗ ಪಾದ ಸಿಡಿದಂತಾಗುತ್ತಿತ್ತು. ಪ್ರೀತಿ ತುಟಿ ಕಚ್ಚಿಕೊಂಡು ಕಿಟಕಿಯ ಸರಳಿಗೆ ಹಣೆ ಒತ್ತಿದಳು.

ಶಂಕ್ರಮ್ಮ ಅವಳನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ಸೀರೆ ಎತ್ತಿ ಸಿಕ್ಕಿಸಿ, ಸೀಟಿನ ಮುಂದಿನ ಇಕ್ಕಟ್ಟಿನಲ್ಲಿ ಬಸ್ಸಿನ ನೆಲದ ಮೇಲೆ ಕೂತಳು. ಉಡಿಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಎತ್ತರ ಮಾಡಿ, "ಕೊಡು ಇಲ್ಲಿ," ಅಂತ ಸೊಸೆಯ ಕಾಲಿಗೆ ಕೈ ಹಾಕಿದಳು.

ಪ್ರೀತಿ ಕಾಲು ಹಿಂದಕ್ಕೆಳೆದುಕೊಂಡಳು. "ಅತ್ತಿ, ಏನಿದು, ಬ್ಯಾಡ್ರಿ. ದೊಡ್ಡವರು ನೀವು." ಆಮೇಲೆ ಅವಳ ಕಣ್ಣು ಮೇಲೆ ಹೋಯಿತು. ಡ್ರೈವರನ ತಲೆಯ ಮೇಲೆ, ಗಾಜಿನ ಹತ್ತಿರ, ಹೂವಿನ ಸರ ಹಾಕಿದ ದೇವರ ಫೋಟೋ ತೂಗುತ್ತಿತ್ತು. "ಅಲ್ಲೂ ಅದ ನೋಡ್ರಿ."

ಶಂಕ್ರಮ್ಮ ತಿರುಗಿ ನೋಡಿದಳು. ಸರದ ಹೂವು ಒಣಗಿತ್ತು. ತುಸು ಹೊತ್ತು ನೋಡಿ, ಮತ್ತೆ ಈ ಕಡೆ ತಿರುಗಿ, ದೇವರಿಗೆ ಬೆನ್ನು ಕೊಟ್ಟು ಸರಿಯಾಗಿ ಕೂತಳು.

"ಇರ್ಲಿ. ನಡುವ ನಾ ಕುಂತೀನಲ್ಲ. ಹಾಕು."

ಎರಡೂ ಕಾಲು ಅತ್ತೆಯ ತೊಡೆಯ ಮೇಲೆ ಬಂದವು. ಕಾಯಿಪಲ್ಲೆ ಆರಿಸಿ, ಬೇಳೆ ಕೇರಿ ಒರಟಾದ ಆ ಕೈಗಳು ಪಾದದಿಂದ ಮೊಳಕಾಲಿನ ಕಡೆಗೆ ಮೆಲ್ಲಗೆ ಸವರತೊಡಗಿದವು.

ಪಕ್ಕದಲ್ಲಿ ನಿಂತ ಹೆಂಗಸೊಬ್ಬಳು ಕೇಳಿದಳು, "ಮಗಳೇನ್ರಿ?"

"ಸೊಸಿ."

"ಅಯ್ಯ, ಅತ್ತಿ ಸೊಸಿ ಕಾಲು ಹಿಡದಾರಲ್ಲ."

"ಹೂಂ, ಹಿಡದೀನಿ. ನಿಮ್ಮ ಸೊಸಿಗಿ ಕಾಲಿಲ್ಲೇನು?"

ಸುತ್ತಲಿನವರು ನಕ್ಕರು. ಕಂಡಕ್ಟರ ಜನರನ್ನು ಸೀಳಿಕೊಂಡು ಬಂದು, "ಅಜ್ಜಿ, ಹಾದ್ಯಾಗ ಕುಂತ್ರ ನಾ ಎಲ್ಲಿ ಕಾಲಿಡ್ಲಿ?" ಅಂದ.

"ಎಲ್ಲೆರೆ ಇಡಪ್ಪ. ನಿನ್ನ ಕಾಲಿಗಿ ಯಾರೂ ದಿಕ್ಕು ಕೇಳಿಲ್ಲ."

ಅವನು ಅವರಿಬ್ಬರನ್ನೂ ನೋಡಿ, ಎರಡು ಚೀಟಿ ಹರಿದು ಕೊಟ್ಟು, ದಾಟಿಕೊಂಡು ಹೋದ. ಕಮಲಾಪುರ ಬರುವ ತನಕ ಶಂಕ್ರಮ್ಮ ಏಳಲಿಲ್ಲ. ಏಳಬೇಕಾದಾಗ ಅವಳ ಕಾಲು ಜೋಮು ಹಿಡಿದು, ಇಬ್ಬರು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಸ್ಟ್ಯಾಂಡಿನ ಹೊರಗೆ ಪ್ರೀತಿಯ ಅಪ್ಪ ನೀಲಕಂಠ ಕೆಂಪು ಬಾಳೆಹಣ್ಣಿನ ಬುಟ್ಟಿಗಳ ಹಿಂದೆ ಕೂತಿದ್ದ. ಮಗಳು ಕುಬಸಕ್ಕೆ ಮೊದಲೇ, ಹೇಳದೆ ಕೇಳದೆ, ಅತ್ತೆಯ ಜೊತೆ ಬಂದದ್ದು ನೋಡಿ ಅವನು ಬುಟ್ಟಿಗಳನ್ನು ಬಿಟ್ಟು ಎದ್ದು ಬಂದ. "ಏನಾಯ್ತು ಬೀಗತಿ?"

"ಏನೂ ಆಗಿಲ್ರಿ. ಆಗಬಾರದಂತೇ ಕರ್ಕೊಂಡು ಬಂದೀನಿ. ಪಡಸಾಲ್ಯಾಗ ಹಾಸ್ಲಿಕ್ಕಿ ಹೇಳ್ರಿ."

ಬೀಗರ ಮನೆಯಲ್ಲಿ ಒಂದು ಊಟಕ್ಕಿಂತ ಹೆಚ್ಚು ನಿಲ್ಲುವುದು ಶಂಕ್ರಮ್ಮನ ಮಂದಿಯಲ್ಲಿ ಮಾನದ ಮಾತಲ್ಲ. ಅವಳು ಸೋಮವಾರದ ತನಕ ನಿಂತಳು. ಪ್ರೀತಿ ಉದ್ದ ಪಡಸಾಲೆಯಲ್ಲಿ ಬರಿದಾದ ಗೋಡೆಗೆ ಕೌದಿ ಒಟ್ಟಿಕೊಂಡು ಮಲಗಿ ಎದ್ದು ಮಲಗಿದಳು. ಅವಳ ತಾಯಿ ತಂಬಿಗೆಗಟ್ಟಲೆ ನೀರು ಕುಡಿಸಿದಳು. ಸಂಜೆ ಹೊತ್ತು ಅಂಗಳದಲ್ಲಿ ನಾಲ್ಕು ಹೆಜ್ಜೆ ಅಡ್ಡಾಡಿಸಿದರು. ಬಾವು ಬೆಳಿಗ್ಗೆ ತುಸು ಇಳಿಯುತ್ತಿತ್ತು, ಸಂಜೆಗೆ ಮತ್ತೆ ಬರುತ್ತಿತ್ತು. ಮಲಗುವುದೂ ಒಂದು ದುಡಿತವೇ ಅಂತ ಪ್ರೀತಿಗೆ ಅನ್ನಿಸುತ್ತಿತ್ತು.

ಸೋಮವಾರ ಕಮಲಾಪುರದ ದವಾಖಾನೆಯಲ್ಲಿ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಶಂಕ್ರಮ್ಮ ಸೊಸೆಯ ಹಿಂದೆ ನಿಂತು ಗಾಳಿ ಇಳಿಯುವ ಸದ್ದನ್ನೇ ಕೇಳುತ್ತಿದ್ದಳು. ನರ್ಸಮ್ಮ ಇನ್ನೊಮ್ಮೆ ತುಂಬಿದಳು.

"ಹಿಂದಿನ ಚೀಟ್ಯಾಗ ಇದ್ದದ್ದಕಿಂತ ಇಳದದ. ಪೂರಾ ಇಳದಿಲ್ಲ. ಮೂತ್ರ ಟೆಸ್ಟೂ ಸದ್ಯಕ್ಕ ಚಲೋ ಬಂದದ. ಅಡ್ಮಿಟ್ ಬ್ಯಾಡಂತ ಡಾಕ್ಟರು ಹೇಳ್ಯಾರ. ಇನ್ನೊಂದು ವಾರ ಹಿಂಗೇ ಮಲಗಿಸ್ರಿ, ಬಂದು ತೋರಸ್ರಿ."

"ಕೂಸು?"

ನರ್ಸಮ್ಮ ಹೊಟ್ಟೆಯ ಮೇಲೆ ಯಂತ್ರ ಇಟ್ಟಳು. ಬಡಬಡ ಬಡಬಡ ಅಂತ ಗಡಿಬಿಡಿಯ ಸದ್ದು ಖೋಲಿ ತುಂಬ ಕೇಳಿಸಿತು. ಶಂಕ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬೆಂಚಿನ ಮೇಲೆ ಕುಸಿದಳು.

ಹೊರಗೆ ಬಂದಾಗ ಬಿಸಿಲು ಏರಿತ್ತು. ಪ್ರೀತಿ ಗೋಡೆ ಹಿಡಿದು ನಿಂತಳು.

"ಇನ್ನೊಂದು ವಾರ ಅಂದಾರತ್ತಿ. ನೀವು ಊರಿಗಿ ಹೋಗ್ರಿ. ಅವರಿಗಿ ಊಟಕ್ಕ ತ್ರಾಸ ಆಗಿರ್ತದ. ಇಲ್ಲಿ ಭಾಳ ದಿನ ನಿಂತ್ರ ಮಂದೀನೂ ಮಾತಾಡ್ತಾರ."

"ಮಾತಾಡ್ಲಿ," ಅಂದಳು ಶಂಕ್ರಮ್ಮ. ದನಿಯಲ್ಲಿ ಸಿಟ್ಟಿಲ್ಲ, ದಣಿವಿತ್ತು. "ಅವ ಬಷೀರಾನ ಮನ್ಯಾಗ ಉಣ್ಣಲಾಕತ್ತಾನ, ನಿನ್ನಿ ಫೋನ್ ಮಾಡಿದ್ದ. ನೀ ನಿಂದ್ರಬ್ಯಾಡ, ಇಲ್ಲೇ ಕಟ್ಟಿ ಮ್ಯಾಲ ಕುಂದ್ರು. ನಾ ಆಟೋ ಕರೀತೀನಿ."

ಕಟ್ಟೆಯ ಮೇಲೆ ಕೂತವರು ಸರಿದು ಜಾಗ ಕೊಟ್ಟರು. ಪ್ರೀತಿ ಕೂತು, ಬಾತ ಕಾಲುಗಳನ್ನು ಒಂದೊಂದಾಗಿ ಎತ್ತಿ ಕಟ್ಟೆಯ ಮೇಲೆ ಉದ್ದಕ್ಕೆ ಚಾಚಿಕೊಂಡಳು.